ಅಮ್ಮನ ಫೋನಿನಲ್ಲಿ ನಾಲ್ಕು ಅಲ್ಪವಿರಾಮ

ಎಡಿಸನ್, ನ್ಯೂಜೆರ್ಸಿ: ಹನ್ನೆರಡು ವರ್ಷಗಳ ಹಿಂದಿನ ಮಾತು. ಏಪ್ರಿಲ್ ಎರಡನೇ ವಾರ. ಅಮೆರಿಕದಲ್ಲಿ ತೆರಿಗೆ ಲೆಕ್ಕ ಸಲ್ಲಿಸಲು ಏಪ್ರಿಲ್ 15 ಕೊನೆಯ ದಿನ. ಲೆಕ್ಕಪತ್ರದ ಕೆಲಸದಲ್ಲಿರುವ ನಮ್ಮಂಥವರಿಗೆ ಆ ಹದಿನೈದು ದಿನ ಹಗಲು ಯಾವುದು, ರಾತ್ರಿ ಯಾವುದು ಎಂಬ ಪರಿವೆ ಇರುವುದಿಲ್ಲ. ಅಂಥ ಗಡಿಬಿಡಿಯಲ್ಲೇ ಒಂದು ಬೆಳಿಗ್ಗೆ ಅಡುಗೆಮನೆ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದ ಮೊಬೈಲನ್ನು ಮರೆತು ಆಫೀಸಿಗೆ ಹೋದೆವು.

ಒಂಬತ್ತೂವರೆಗೆ ಮೇಜಿನ ಮುಂದೆ ಕೂತಿದ್ದೆವು. ಊರಿನಲ್ಲಿ ಆಗ ಸಂಜೆ ಏಳು ಗಂಟೆ. ಸಾಗರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಪ್ಪಯ್ಯ ಕೂತಲ್ಲೇ ಒಂದು ಕಡೆಗೆ ವಾಲಿದರು. ಅಮ್ಮ ಮೊದಲು ಪಕ್ಕದ ಮನೆಯವರನ್ನು ಕೂಗಿದಳು. ಆಮೇಲೆ ನಮ್ಮ ಮೊಬೈಲಿಗೆ ಮಾಡಿದಳು. ಅದು ಖಾಲಿ ಮನೆಯಲ್ಲಿ ಬಡಿದುಕೊಂಡು ಸುಮ್ಮನಾಯಿತು. ನಮ್ಮಾಕೆ ಕೆಲಸ ಮಾಡುವ ಶಾಲೆಯಲ್ಲಿ ಫೋನನ್ನು ಲಾಕರಿನಲ್ಲಿಟ್ಟೇ ತರಗತಿಗೆ ಹೋಗಬೇಕು. ಅಲ್ಲೂ ಯಾರೂ ಎತ್ತಲಿಲ್ಲ. ಕೊನೆಗೆ ಅಮ್ಮ ಗೋಡೆಯ ಕ್ಯಾಲೆಂಡರ್ ತಿರುಗಿಸಿ, ನಾವೇ ಬರೆದುಕೊಟ್ಟಿದ್ದ ಆಫೀಸಿನ ನಂಬರಿಗೆ ಮಾಡಿದಳು.

ಅಲ್ಲಿ ಒಬ್ಬಳು ಎತ್ತಿದಳು. ಅಮ್ಮ ತಿಳಿದದ್ದು ಹಾಗೆ. ನಿಜದಲ್ಲಿ ಅದು ಯಂತ್ರದ ದನಿ. ‘ನಿಮಗೆ ಬೇಕಾದವರ ಎಕ್ಸ್‌ಟೆನ್ಷನ್ ಗೊತ್ತಿದ್ದರೆ ಈಗಲೇ ಒತ್ತಿ’ ಎಂದು ಇಂಗ್ಲಿಷಿನಲ್ಲಿ ಹೇಳುವ ದನಿ. ಅಮ್ಮ ನಮ್ಮ ಹೆಸರು ಹೇಳಿದಳು. ‘ತಂದೆಗೆ ಹುಷಾರಿಲ್ಲ, ಸ್ವಲ್ಪ ಕರೆದು ಕೊಡಮ್ಮಾ’ ಎಂದಳು. ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು. ಹೀಗೆ ನಾಲ್ಕು ಸಲ.

ಮಧ್ಯಾಹ್ನ ಮೂರೂವರೆಗೆ ಮನೆಗೆ ಬಂದ ನಮ್ಮಾಕೆ ಅಡುಗೆಮನೆ ಕಟ್ಟೆಯ ಮೇಲಿನ ಮೊಬೈಲಿನಲ್ಲಿ ಹನ್ನೊಂದು ಮಿಸ್ಡ್ ಕಾಲ್ ನೋಡಿ ನಮ್ಮ ಮೇಜಿನ ಫೋನಿಗೆ ಮಾಡಿದಾಗಲೇ ವಿಷಯ ತಿಳಿದದ್ದು. ಊರಿನಲ್ಲಿ ಆಗ ರಾತ್ರಿ ಒಂದು ಗಂಟೆ. ಅಪ್ಪಯ್ಯ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಪಾರ್ಶ್ವವಾಯು. ಕಾರಿನಲ್ಲಿ ಹೋಗುವಾಗ ಅವರಿಗೆ ಇನ್ನೂ ಮಾತಿತ್ತಂತೆ. ‘ಮಾಣಿ ಸಿಕ್ಕಿದ್ನಾ?’ ಎಂದು ಎರಡು ಮೂರು ಸಲ ಕೇಳಿದರಂತೆ. ನಾವು ಮಾಡುವ ಹೊತ್ತಿಗೆ ಆ ಮಾತು ನಿಂತಿತ್ತು. ಮತ್ತೆ ಸರಿಯಾಗಿ ಬರಲೇ ಇಲ್ಲ.

ಆ ಆರು ಗಂಟೆಯೂ ಆಫೀಸಿನ ಫೋನ್ ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅದರ ಎಕ್ಸ್‌ಟೆನ್ಷನ್ ಬರೀ ಮೂರು ಅಂಕಿ. ಕ್ಯಾಲೆಂಡರಿನ ಹಿಂದೆ ಹತ್ತು ಅಂಕಿ ಬರೆದುಕೊಟ್ಟ ನಾವು ಆ ಮೂರನ್ನು ಬರೆದಿರಲಿಲ್ಲ. ಬರೆದಿದ್ದರೂ, ಆ ಗಾಬರಿಯಲ್ಲಿ, ಇಂಗ್ಲಿಷಿನ ನಡುವೆ, ಯಾವಾಗ ಒತ್ತಬೇಕೆಂದು ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ.

ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಈ ಪುಟ ಓದುವ ಬಹಳಷ್ಟು ಮನೆಗಳ ಗೋಡೆಯಲ್ಲಿ ಅಂಥದೇ ಒಂದು ಕ್ಯಾಲೆಂಡರ್ ಇರಬಹುದು. ಅದಕ್ಕೊಂದು ಪರಿಹಾರ ಪ್ರತಿ ಮೊಬೈಲಿನಲ್ಲೂ ಇದೆ, ಕಾಸು ಖರ್ಚಿಲ್ಲ. ಅದರ ಹೆಸರು ಅಲ್ಪವಿರಾಮ.

ಶಾಲೆಯಲ್ಲಿ ಕಲಿತದ್ದೇ

ಪ್ರಾಥಮಿಕ ಶಾಲೆಯಲ್ಲಿ ಲೇಖನ ಚಿಹ್ನೆಗಳ ಪಾಠ ನೆನಪಿದೆಯಲ್ಲ? ಅಲ್ಪವಿರಾಮ ಬಂದರೆ ಸ್ವಲ್ಪ ನಿಲ್ಲಬೇಕು, ಅರ್ಧವಿರಾಮ ಬಂದರೆ ಇನ್ನೂ ಸ್ವಲ್ಪ ಹೆಚ್ಚು ನಿಲ್ಲಬೇಕು ಎಂದು ಮೇಷ್ಟ್ರು ಹೇಳುತ್ತಿದ್ದರು. ಮೊಬೈಲಿನ ವ್ಯಾಕರಣವೂ ಅದೇ. ಉಳಿಸಿಟ್ಟ ನಂಬರಿನ ಮುಂದೆ ಒಂದು ಅಲ್ಪವಿರಾಮ ಹಾಕಿ ಇನ್ನಷ್ಟು ಅಂಕಿ ಬರೆದರೆ, ಫೋನು ಮೊದಲ ಭಾಗವನ್ನು ಡಯಲ್ ಮಾಡುತ್ತದೆ. ಆ ಕಡೆ ಎತ್ತಿದ ಮೇಲೆ ಸುಮಾರು ಎರಡು ಸೆಕೆಂಡ್ ಕಾಯುತ್ತದೆ. ಆಮೇಲೆ ಉಳಿದ ಅಂಕಿಗಳನ್ನು ತಾನೇ ಒತ್ತುತ್ತದೆ. ಎರಡು ಹಾಕಿದರೆ ನಾಲ್ಕು ಸೆಕೆಂಡ್, ನಾಲ್ಕು ಹಾಕಿದರೆ ಎಂಟು.

ಅರ್ಧವಿರಾಮದ ಕೆಲಸ ಬೇರೆ. ಅದು ಬಂದಲ್ಲಿ ಫೋನು ನಿಂತುಬಿಡುತ್ತದೆ. ‘ಮುಂದಿನ ಅಂಕಿ ಕಳಿಸಲೇ?’ ಎಂದು ಪರದೆಯ ಮೇಲೆ ಕೇಳುತ್ತದೆ. ನಾವು ಹೂಂ ಎಂದು ಒತ್ತಿದ ಮೇಲಷ್ಟೇ ಕಳಿಸುತ್ತದೆ. ಆ ಕಡೆಯ ದನಿ ಎಷ್ಟು ಹೊತ್ತು ಮಾತಾಡುತ್ತದೆಂದು ಹೇಳಲಾಗದ ಕಡೆ ಇದು ಅನುಕೂಲ. ಆದರೆ ವಯಸ್ಸಾದವರ ಫೋನಿಗೆ ಅಲ್ಪವಿರಾಮವೇ ಸರಿ. ಅವರು ಹೆಸರು ಒತ್ತಿ ಕಿವಿಗೆ ಹಿಡಿದ ಮೇಲೆ ಮತ್ತೆ ಪರದೆ ನೋಡುವುದಿಲ್ಲ.

ಇದರ ಹಿಂದಿನ ಕತೆಗೂ ನಾವಿರುವ ನ್ಯೂಜೆರ್ಸಿಗೂ ನಂಟಿದೆ. ಆಪರೇಟರ್ ನೆರವಿಲ್ಲದೆ ಗ್ರಾಹಕರೇ ದೂರದ ಊರಿಗೆ ನೇರ ಡಯಲ್ ಮಾಡುವ ವ್ಯವಸ್ಥೆ ಅಮೆರಿಕದಲ್ಲಿ ಶುರುವಾದದ್ದು 1951ರ ನವೆಂಬರ್ 10ರಂದು, ಇದೇ ರಾಜ್ಯದ ಎಂಗಲ್‌ವುಡ್‌ನಲ್ಲಿ. ಅಲ್ಲಿನ ಮೇಯರ್ ಕ್ಯಾಲಿಫೋರ್ನಿಯಾದ ಅಲಮೇಡಾದ ಮೇಯರ್‌ಗೆ ಕರೆ ಮಾಡಿದರು. ಗುಂಡಿ ಒತ್ತಿದರೆ ‘ಪೀಂ’ ಎನ್ನುವ ಫೋನನ್ನು ರೂಪಿಸಿದ್ದು ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆ. ಅದರ ಕೇಂದ್ರ ಮರ್ರೆ ಹಿಲ್ ನಮ್ಮ ಮನೆಯಿಂದ ಬಹಳ ದೂರವೇನಲ್ಲ. 1963ರ ನವೆಂಬರ್ 18ರಂದು ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ಎರಡು ಊರುಗಳಲ್ಲಿ ಆ ಫೋನು ಮೊದಲು ಬಳಕೆಗೆ ಬಂತು.

ಪ್ರತಿ ಗುಂಡಿ ಒತ್ತಿದಾಗ ಹೊರಡುವುದು ಒಂದು ಸ್ವರವಲ್ಲ, ಒಟ್ಟಿಗೆ ಎರಡು. ಐದನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್‌ನ ಎರಡು ಸ್ವರ ಕೂಡಿ ಬರುತ್ತವೆ. ಮನುಷ್ಯರ ಮಾತನ್ನು ಯಂತ್ರ ಅಂಕಿಯೆಂದು ತಪ್ಪು ತಿಳಿಯಬಾರದು ಎಂಬುದಕ್ಕೆ ಈ ಜೋಡಿ. ನಮ್ಮ ಅಮ್ಮ ನಾಲ್ಕು ಸಲ ಮಾತಾಡಿದರೂ ಯಂತ್ರ ಕಿವಿಗೆ ಹಾಕಿಕೊಳ್ಳದೆ ಇದ್ದದ್ದು ಇದರಿಂದಲೇ. ಅದಕ್ಕೆ ಕನ್ನಡವೂ ಬಾರದು, ಇಂಗ್ಲಿಷೂ ಬಾರದು. ಗೊತ್ತಿರುವುದು ಆ ಜೋಡಿ ಸ್ವರಗಳು ಮಾತ್ರ.

ಮೂವತ್ತಾರು ಅಂಕಿಯ ಕಾಲ

ನಾವು ಈ ದೇಶಕ್ಕೆ ಬಂದ ಹೊಸತರಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ. ಎಡಿಸನ್ ಮತ್ತು ಇಸೆಲಿನ್ ನಡುವಿನ ಓಕ್ ಟ್ರೀ ರೋಡ್, ಜೆರ್ಸಿ ಸಿಟಿಯ ನೆವಾರ್ಕ್ ಅವೆನ್ಯೂ, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಹೀಗೆ ನಮ್ಮವರ ಅಂಗಡಿಗಳಿರುವ ಕಡೆಗಳಲ್ಲೆಲ್ಲ ಬೇಳೆ, ಕರಿಬೇವಿನ ಜತೆ ಗಲ್ಲಾದ ಹತ್ತಿರ ಐದು ಡಾಲರಿನ ಕಾಲಿಂಗ್ ಕಾರ್ಡುಗಳು ಸಾಲಾಗಿ ನೇತಾಡುತ್ತಿದ್ದವು. ಹಿಂಬದಿಯನ್ನು ನಾಣ್ಯದಿಂದ ಕೆರೆದರೆ ಪಿನ್ ಸಂಖ್ಯೆ.

ಲೆಕ್ಕದವರಾದ್ದರಿಂದ ಒಮ್ಮೆ ಅಂಕಿಗಳನ್ನು ಎಣಿಸಿದ್ದೆವು. ಉಚಿತ ಸಂಖ್ಯೆಗೆ ಹನ್ನೊಂದು, ಪಿನ್‌ಗೆ ಹತ್ತು, ಆಮೇಲೆ 011, 91, ಸಾಗರದ ಕೋಡ್ 8183, ಮನೆಯ ಆರಂಕಿ, ಸೇರಿ ಹದಿನೈದು. ಒಟ್ಟು ಮೂವತ್ತಾರು. ಇಪ್ಪತ್ತೊಂಬತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ. ಶನಿವಾರ ರಾತ್ರಿ ಒಂದೇ ಬಾಡಿಗೆ ಮನೆಯಲ್ಲಿದ್ದ ನಾಲ್ವರು ಸರದಿಯಲ್ಲಿ ಕೂತು ಒತ್ತುತ್ತಿದ್ದೆವು. ಊರಿನಲ್ಲಿ ಆಗ ಭಾನುವಾರದ ಬೆಳಗು. ಮನೆಯವರೆಲ್ಲ ಫೋನಿನ ಸುತ್ತ ಕಾದಿರುತ್ತಿದ್ದರು.

ನಮಗೆ ಅಲ್ಪವಿರಾಮದ ಗುಟ್ಟು ಮೊದಲು ಹೇಳಿಕೊಟ್ಟವರು ಆ ಮನೆಯ ಹುಬ್ಬಳ್ಳಿಯ ಗೆಳೆಯರೊಬ್ಬರು. ಉಚಿತ ಸಂಖ್ಯೆ, ವಿರಾಮ, ಪಿನ್, ವಿರಾಮ, ಮನೆಯ ಸಂಖ್ಯೆ, ಎಲ್ಲವನ್ನೂ ಒಂದೇ ಹೆಸರಿನಲ್ಲಿ ಉಳಿಸಿದ್ದರು. ‘ಅವ್ವ’ ಎಂದು ಒತ್ತಿದರೆ ಸಾಕು. ಕಾರ್ಡ್ ಮುಗಿದಾಗ ಪಿನ್ ಮಾತ್ರ ಬದಲಿಸಿದರಾಯಿತು.

ಆ ಕಾರ್ಡುಗಳಲ್ಲಿ ಮೋಸವೂ ಇತ್ತು. ಮುಖದ ಮೇಲೆ ಬರೆದಷ್ಟು ನಿಮಿಷ ಸಿಗುತ್ತಿರಲಿಲ್ಲ. ಸಂಪರ್ಕ ಶುಲ್ಕ, ವಾರದ ನಿರ್ವಹಣಾ ಶುಲ್ಕ, ಅರ್ಧ ನಿಮಿಷವನ್ನು ಪೂರ್ತಿಯಾಗಿ ಎಣಿಸುವುದು, ಹೀಗೆ ಅಲ್ಲಲ್ಲಿ ಕತ್ತರಿ. 2008ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಕೆಲವು ಕಾರ್ಡ್ ಕಂಪೆನಿಗಳ ಮೇಲೆ ಮೊಕದ್ದಮೆ ಹೂಡಿತು. ಮುಂದೆ ಅಗ್ಗದ ಅಂತರ್ಜಾಲ ಕರೆ ಬಂದು ಕಾರ್ಡುಗಳು ಮೂಲೆ ಸೇರಿದವು. ಅಲ್ಪವಿರಾಮವನ್ನೂ ನಾವು ಮರೆತೆವು. ನೆನಪಿಟ್ಟಿದ್ದರೆ ಅಪ್ಪಯ್ಯನ ಆ ಸಂಜೆ ಬೇರೆಯಾಗಿರುತ್ತಿತ್ತು.

ವಾಟ್ಸ್‌ಆ್ಯಪ್ ಇರುವಾಗ ಇದೇಕೆ?

ಈಗ ಯಾರಿಗೂ ಈ ಪ್ರಶ್ನೆ ಬರುತ್ತದೆ. ದಿನಾ ವಿಡಿಯೊದಲ್ಲಿ ಮುಖ ನೋಡುತ್ತೇವೆ, ನಿಜ. ಆದರೆ ವಾಟ್ಸ್‌ಆ್ಯಪ್ ಮುಟ್ಟುವುದು ಮಗನ ಜೇಬಿನ ಫೋನನ್ನು ಮಾತ್ರ. ಅದು ಮೌನದಲ್ಲಿದ್ದರೆ, ಚಾರ್ಜ್ ಇಲ್ಲದಿದ್ದರೆ, ನಮ್ಮ ಹಾಗೆ ಮನೆಯಲ್ಲೇ ಬಿಟ್ಟು ಹೋಗಿದ್ದರೆ, ಉಳಿಯುವುದು ಆಫೀಸಿನ ಫೋನು. ಮಗಳು ಓದುವ ವಿಶ್ವವಿದ್ಯಾಲಯದ ವಿಭಾಗ, ಮಗ ಕೆಲಸ ಮಾಡುವ ಆಸ್ಪತ್ರೆ, ಅಳಿಯನ ಕಂಪೆನಿ, ಇವೆಲ್ಲದರ ಬಾಗಿಲಲ್ಲೂ ಇರುವುದು ಅದೇ ಯಂತ್ರದ ಹುಡುಗಿ.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಮಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲವೆಂದು ಗಾಬರಿಯಾಗಿ ಊರಿನಿಂದ 911 ಒತ್ತಿದರೆ ಅಮೆರಿಕದ ಪೊಲೀಸರು ಸಿಗುವುದಿಲ್ಲ. ಆ ಸಂಖ್ಯೆ ಇಲ್ಲಿಂದ ಮಾಡಿದರಷ್ಟೇ ಇಲ್ಲಿನವರಿಗೆ ಹೋಗುತ್ತದೆ. ಹಾಗೆಯೇ ನಾವು ಇಲ್ಲಿಂದ 112 ಅಥವಾ 108 ಒತ್ತಿದರೆ ಸಾಗರದ ಆಂಬುಲೆನ್ಸ್ ಬರುವುದಿಲ್ಲ. ಆದ್ದರಿಂದ ಮಗನಿರುವ ಊರಿನ ಪೊಲೀಸ್ ಇಲಾಖೆಯ ಹತ್ತು ಅಂಕಿಯ ಸಾಮಾನ್ಯ ಸಂಖ್ಯೆಯನ್ನು ಮೊದಲೇ ಕೇಳಿ ಉಳಿಸಿಕೊಳ್ಳಬೇಕು. ನಾವು ಊರಿನ ಆಸ್ಪತ್ರೆ, ಆಂಬುಲೆನ್ಸ್, ಪಕ್ಕದ ಮನೆಯವರ ಪೂರ್ಣ ಸಂಖ್ಯೆ ಇಟ್ಟುಕೊಳ್ಳಬೇಕು. ಭಾರತದ 1800 ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ. ಆಸ್ಪತ್ರೆ, ಬ್ಯಾಂಕುಗಳ ಸಾಮಾನ್ಯ ದೂರವಾಣಿ ಸಂಖ್ಯೆಯನ್ನೇ ಪಡೆದಿಡುವುದು ಕ್ಷೇಮ. ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಮಕ್ಕಳಿರುವವರು ಮ್ಯಾನ್‌ಹಟನ್‌ನ ಭಾರತೀಯ ಕಾನ್ಸುಲೇಟ್ ಜನರಲ್ ಕಚೇರಿಯ ಸಂಖ್ಯೆಯನ್ನೂ ಬರೆದಿಡಲಿ.

ಹೀಗೆ ಮಾಡಿ

ಮಗನ ಆಫೀಸಿನ ಸಂಖ್ಯೆ 201-555-0123, ಎಕ್ಸ್‌ಟೆನ್ಷನ್ 245 ಎಂದಿಟ್ಟುಕೊಳ್ಳಿ. (ಇದು ಉದಾಹರಣೆಗಷ್ಟೇ.) ಫೋನಿನಲ್ಲಿ ಉಳಿಸಬೇಕಾದದ್ದು:

+12015550123,,,,245

ಮೊದಲ ಪ್ಲಸ್ ಚಿಹ್ನೆ ಮರೆಯಬೇಡಿ. ಭಾರತದಿಂದ ಹೊರದೇಶಕ್ಕೆ 00, ಅಮೆರಿಕದಿಂದ 011 ಒತ್ತಬೇಕು. ಪ್ಲಸ್ ಹಾಕಿದರೆ ಎಲ್ಲಿಂದ ಮಾಡಿದರೂ ಸರಿಯಾದದ್ದು ಹೋಗುತ್ತದೆ. ಅದರ ಮುಂದಿನ 1 ಅಮೆರಿಕದ ಸಂಖ್ಯೆ.

ಐಫೋನ್: ಹೆಸರು ಉಳಿಸುವಾಗ ಅಂಕಿಗಳ ಕೆಳಗಿನ ಎಡ ಮೂಲೆಯಲ್ಲಿ +*# ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ‘ಪಾಝ್’ ಮತ್ತು ‘ವೇಟ್’ ಎಂಬ ಎರಡು ಆಯ್ಕೆ ಬರುತ್ತವೆ. ಪಾಝ್ ಎಂದರೆ ಅಲ್ಪವಿರಾಮ, ವೇಟ್ ಎಂದರೆ ಅರ್ಧವಿರಾಮ. ನೇರ ಡಯಲ್ ಮಾಡುವಾಗ ನಕ್ಷತ್ರದ ಗುಂಡಿಯನ್ನು ಒತ್ತಿ ಹಿಡಿದರೆ ಅಲ್ಪವಿರಾಮ, ಹ್ಯಾಶ್ ಗುಂಡಿಯನ್ನು ಒತ್ತಿ ಹಿಡಿದರೆ ಅರ್ಧವಿರಾಮ.

ಆಂಡ್ರಾಯ್ಡ್: ಡಯಲ್ ಪರದೆಯಲ್ಲಿ ಸಂಖ್ಯೆ ಒತ್ತಿದ ಮೇಲೆ ಮೂರು ಚುಕ್ಕೆಯ ಮೆನು ತೆರೆಯಿರಿ. ‘ಎರಡು ಸೆಕೆಂಡ್ ಪಾಝ್ ಸೇರಿಸಿ’, ‘ವೇಟ್ ಸೇರಿಸಿ’ ಎಂಬ ಆಯ್ಕೆಗಳಿರುತ್ತವೆ. ಕಂಪೆನಿಯಿಂದ ಕಂಪೆನಿಗೆ ಮೆನುವಿನ ಜಾಗ, ಪದ ತುಸು ಬೇರೆ.

ಗುಂಡಿಯಿರುವ ಸಣ್ಣ ಫೋನ್: ನೋಕಿಯಾದಂಥ ಫೋನುಗಳಲ್ಲಿ ನಕ್ಷತ್ರದ ಗುಂಡಿಯನ್ನು ಬೇಗಬೇಗ ಒತ್ತುತ್ತಾ ಹೋದರೆ ಪ್ಲಸ್, ಆಮೇಲೆ ಇಂಗ್ಲಿಷಿನ ‘ಪಿ’, ಆಮೇಲೆ ‘ಡಬ್ಲ್ಯೂ’ ಅಕ್ಷರ ಬರುತ್ತವೆ. ಪಿ ಅಂದರೆ ಅಲ್ಪವಿರಾಮ, ಡಬ್ಲ್ಯೂ ಅಂದರೆ ಅರ್ಧವಿರಾಮ.

ಇಷ್ಟು ಮಾಡಿದ ಮೇಲೆ ಕೆಲವು ಎಚ್ಚರಿಕೆ. ಮೊದಲನೆಯದು, ಸಂಖ್ಯೆಯನ್ನು ಸಿಮ್‌ನಲ್ಲಿ ಉಳಿಸದೆ ಫೋನಿನಲ್ಲೇ ಉಳಿಸಿ. ಸಿಮ್‌ನಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 20 ಅಂಕಿಗಳಷ್ಟೇ ಜಾಗ. ಎರಡನೆಯದು, ಮಗನ ಮೊಬೈಲ್ ಇರುವ ಹೆಸರಿಗೇ ಇದನ್ನು ಸೇರಿಸಬೇಡಿ. ‘ಮಗ ಆಫೀಸು’ ಎಂದು ಬೇರೆಯೇ ಇಡಿ. ಮೂರನೆಯದು, ಆ ಫೋನಿನಿಂದ ಹೊರದೇಶಕ್ಕೆ ಕರೆ ಹೋಗುತ್ತದೆಯೇ, ಅದರಲ್ಲಿ ಹಣ ಇದೆಯೇ ಎಂದು ಮೊದಲೇ ನೋಡಿ. ಐಎಸ್‌ಡಿ ಸೌಲಭ್ಯವಿಲ್ಲದ ಸಿಮ್‌ಗೆ ಎಷ್ಟು ಅಲ್ಪವಿರಾಮ ಹಾಕಿದರೂ ಪ್ರಯೋಜನವಿಲ್ಲ.

ಲೆಕ್ಕಪತ್ರದವರಾಗಿ ಒಂದು ಮಾತು ಹೆಚ್ಚಿಗೆ ಹೇಳಲೇಬೇಕು. ಬ್ಯಾಂಕಿನ ಫೋನ್ ಸೇವೆಗೂ ಇದೇ ಉಪಾಯ ಮಾಡಬಹುದಲ್ಲ ಎಂದು ಕೆಲವರು ಖಾತೆ ಸಂಖ್ಯೆ, ಪಿನ್ ಎಲ್ಲವನ್ನೂ ಉಳಿಸಿಡುತ್ತಾರೆ. ದಯವಿಟ್ಟು ಬೇಡ. ಫೋನಿನ ಹೆಸರುಪಟ್ಟಿಯನ್ನು ಓದುವ ಅನುಮತಿ ನಾವು ಹತ್ತಾರು ಆ್ಯಪ್‌ಗಳಿಗೆ ಕೊಟ್ಟಿರುತ್ತೇವೆ. ಭಾಷೆ ಆಯ್ಕೆಯ ಅಂಕಿ, ವಿಭಾಗದ ಅಂಕಿ ಉಳಿಸಿದರೆ ತೊಂದರೆಯಿಲ್ಲ. ಗುಟ್ಟಿನ ಅಂಕಿ ಮಾತ್ರ ತಲೆಯಲ್ಲೇ ಇರಲಿ.

ಜಗಲಿಯ ಮೇಲೆ ಒಂದು ಪರೀಕ್ಷೆ

ಎಷ್ಟು ಅಲ್ಪವಿರಾಮ ಬೇಕೆಂಬುದನ್ನು ಮಾಡಿಯೇ ನೋಡಬೇಕು. ಅಪ್ಪಯ್ಯನನ್ನು ನೋಡಲು ಊರಿಗೆ ಹೋದಾಗ ನಾವು ಒಂದು ಬೆಳಿಗ್ಗೆ ಏಳಕ್ಕೆ ಅಮ್ಮನ ಫೋನು ಹಿಡಿದು ಜಗಲಿಯಲ್ಲಿ ಕೂತೆವು. ನ್ಯೂಜೆರ್ಸಿಯಲ್ಲಿ ಆಗ ರಾತ್ರಿ ಒಂಬತ್ತೂವರೆ. ಆಫೀಸಿನಲ್ಲಿ ಯಂತ್ರ ಮಾತ್ರ ಎಚ್ಚರ. ಒಂದು ಅಲ್ಪವಿರಾಮ ಹಾಕಿದಾಗ ಯಂತ್ರ ‘ನಮಸ್ಕಾರ’ ಹೇಳುವ ಮೊದಲೇ ಅಂಕಿಗಳು ಹೋಗಿಬಿಟ್ಟವು. ಎರಡು ಹಾಕಿದಾಗ ಮೊದಲ ಅಂಕಿ ನಷ್ಟವಾಗಿ 45 ಮಾತ್ರ ತಲುಪಿ, ಅಂಥ ಎಕ್ಸ್‌ಟೆನ್ಷನ್ ಇಲ್ಲವೆಂದಿತು. ನಾಲ್ಕಕ್ಕೆ ಸರಿಹೋಯಿತು.

ನಮ್ಮ ಮೇಜಿನ ಫೋನು ರಿಂಗಾಗಿ, ಯಾರೂ ಎತ್ತದೆ, ನಾವೇ ಧ್ವನಿಮುದ್ರಿಸಿಟ್ಟ ಇಂಗ್ಲಿಷ್ ಮಾತು ಶುರುವಾಯಿತು. ಅಮ್ಮ ಫೋನನ್ನು ಕಿವಿಯಿಂದ ತೆಗೆದು ನಮ್ಮ ಮುಖ ನೋಡಿದಳು. ‘ಇಲ್ಲಿ ಕೂತವ ಅಲ್ಲಿ ಹೇಗೆ ಮಾತಾಡ್ತಾ ಇದ್ದೀಯ?’ ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ನೀನು ಇಂಗ್ಲಿಷಿನಲ್ಲಿ ಹೇಳಿದ್ರೆ ಅದು ನೀನೇ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?’ ಎಂದಳು.

ವಾಪಸು ಬಂದ ಮೊದಲ ದಿನವೇ ನಾವು ಆ ಮುದ್ರಿಕೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿದೆವು: ‘ಅಮ್ಮಾ, ಬೀಪ್ ಅಂದ ಮೇಲೆ ಮಾತಾಡು, ನಾನು ಕೇಳಿಸಿಕೊಳ್ತೇನೆ.’ ನಮ್ಮ ಮೇಲಧಿಕಾರಿಗೆ ಅರ್ಥ ಹೇಳಿದೆವು. ಅವರು ಪೋರ್ಟೊರಿಕೊದವರು. ಮರುದಿನ ಅವರ ಫೋನಿನಲ್ಲೂ ಸ್ಪ್ಯಾನಿಷ್ ಸಾಲೊಂದು ಸೇರಿತ್ತು.

ಎರಡು ವರ್ಷದ ನಂತರ, ಡಿಸೆಂಬರಿನ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಮೇಜಿನ ಫೋನು ರಿಂಗಾಯಿತು. ಅಮ್ಮ. ‘ಅಪ್ಪಯ್ಯನಿಗೆ ಮತ್ತೆ ಹಾಗೇ ಆಯ್ತು’ ಎಂದಳು. ಮೊಬೈಲಿಗೆ ಮಾಡಿದ್ದಳು, ಸಿಕ್ಕಿರಲಿಲ್ಲ. ಆಮೇಲೆ ‘ಮಗ ಆಫೀಸು’ ಒತ್ತಿದ್ದಳು, ಅಷ್ಟೆ. ಕಾರು ಬರುವವರೆಗೆ ಫೋನನ್ನು ಅಪ್ಪಯ್ಯನ ಕಿವಿಗೆ ಹಿಡಿದಳು. ಅವರಿಗೆ ಮಾತು ಇರಲಿಲ್ಲ. ನಾವೇ ಮಾತಾಡಿದೆವು. ಕೊನೆಕೊಯ್ಲಿಗೆ ಜನ ಸಿಕ್ಕರೇ, ಕೆಳಗಿನ ತೋಟದ ಅಡಿಕೆ ಒಣಗಿತೇ ಎಂದೆಲ್ಲ ಕೇಳಿದೆವು. ಎರಡು ಸಲ ‘ಹ್ಞೂಂ’ ಎಂದರು. ಅಂದೇ ರಾತ್ರಿ ನೆವಾರ್ಕಿನಿಂದ ವಿಮಾನ ಹತ್ತಿದೆವು. ನಾವು ಹೋದ ಮೇಲೆ ಒಂಬತ್ತು ದಿನ ಅವರಿದ್ದರು.

ಈ ಭಾನುವಾರ

ಅಂದಿನಿಂದ ಇಲ್ಲಿ ಬೃಂದಾವನ, ನ್ಯೂಯಾರ್ಕ್ ಕನ್ನಡ ಕೂಟದಂಥ ಸಂಘಗಳ ಕಾರ್ಯಕ್ರಮದಲ್ಲಿ ಹೊಸದಾಗಿ ಬಂದ ಹುಡುಗ ಹುಡುಗಿಯರು ಸಿಕ್ಕರೆ, ಊಟದ ಸಾಲಿನಲ್ಲೇ ನಾವು ಕೇಳುವುದು ಒಂದೇ: ‘ನಿಮ್ಮ ಆಫೀಸಿನ ಎಕ್ಸ್‌ಟೆನ್ಷನ್ ಮನೆಯಲ್ಲಿ ಗೊತ್ತಾ?’ ಬಹಳ ಮಂದಿ ನಗುತ್ತಾರೆ. ಕೆಲವರು ತಟ್ಟೆ ಬದಿಗಿಟ್ಟು ಫೋನು ತೆಗೆಯುತ್ತಾರೆ.

ಓದುಗರಲ್ಲಿ ನಮ್ಮ ವಿನಂತಿಯೂ ಅಷ್ಟೇ. ಈ ಭಾನುವಾರ ಮಕ್ಕಳು ವಿಡಿಯೊದಲ್ಲಿ ಬಂದಾಗ, ಊಟ ಆಯ್ತಾ ಎಂದು ಕೇಳಿದ ಮೇಲೆ, ಆಫೀಸಿನ ಪೂರ್ತಿ ಸಂಖ್ಯೆ ಕೇಳಿ. ಎಕ್ಸ್‌ಟೆನ್ಷನ್ ಕೇಳಿ. ಮನೆಯಲ್ಲಿರುವ ಮೊಮ್ಮಕ್ಕಳೋ ಪಕ್ಕದ ಮನೆಯ ಹುಡುಗನೋ ಐದು ನಿಮಿಷದಲ್ಲಿ ಅಲ್ಪವಿರಾಮ ಹಾಕಿಕೊಡುತ್ತಾರೆ. ಒಂದು ಸಲ ಮಾಡಿ ನೋಡಿ, ಮಕ್ಕಳೇ ಎತ್ತಿದರೆ ಸರಿಯಾಯಿತೆಂದು ಲೆಕ್ಕ. ಮಕ್ಕಳು ಕೆಲಸ ಬದಲಿಸುತ್ತಾರೆ, ಆಫೀಸುಗಳು ಯಂತ್ರದ ಮಾತು ಬದಲಿಸುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆ, ಹಣಕಾಸು ವರ್ಷ ಬದಲಾಗುವ ಏಪ್ರಿಲ್ 1ರಂದೇ ಆಗಲಿ, ಮತ್ತೊಮ್ಮೆ ಪರೀಕ್ಷಿಸಿ.

ನಾವು ಈ ನಡುವೆ ಎರಡು ಕೆಲಸ ಬದಲಿಸಿದ್ದೇವೆ. ಪ್ರತಿ ಸಲ ಹೊಸ ಮೇಜಿನಲ್ಲಿ ಕೂತ ಮೊದಲ ದಿನವೇ ಊರಿನ ಪಕ್ಕದ ಮನೆಯ ಹುಡುಗನಿಗೆ ಹೊಸ ಅಂಕಿ ಕಳಿಸುತ್ತೇವೆ. ಅವನು ಅಮ್ಮನ ಫೋನಿನಲ್ಲಿ ತಿದ್ದಿ, ಒಮ್ಮೆ ಒತ್ತಿ ಅವಳ ಕೈಗೆ ಕೊಡುತ್ತಾನೆ. ಇಲ್ಲಿ ಮೇಜಿನ ಫೋನು ರಿಂಗಾಗುತ್ತದೆ. ಎತ್ತಿದರೆ ಅಮ್ಮ ಕೇಳುವುದು ಪ್ರತಿ ಸಲವೂ ಒಂದೇ: ‘ನೀನೇ ಹೌದಾ, ಯಂತ್ರವಾ?’